ತಯಾರಿಕೆ ನಿಂತುಹೋದ ಪಿಸ್ತೂಲು ಹುಡುಕುವವರಿಗೆ: ಈ ನಾಲ್ಕರಲ್ಲಿ ಮೊದಲು ಯಾವುದು?

ಹೋದ ತಿಂಗಳು ಡಲ್ಲಾಸ್‌ನಿಂದ ಗೆಳೆಯ ಫೋನ್ ಮಾಡಿದ. "ಹಳೇ ಪಿಸ್ತೂಲು ಒಂದು ತಗೋಬೇಕು ಕಣೋ. ಕಂಪನಿ ಈಗ ಮಾಡದೇ ಇರೋದು. ಯಾವುದು ತಗೊಳ್ಳಲಿ?" ಅಂದ. ಅವನ ಮನಸ್ಸಿನಲ್ಲಿ ನಾಲ್ಕು ಹೆಸರು ಇದ್ದವು. ಜರ್ಮನಿಯ ಹೆಕ್ಲರ್ ಅಂಡ್ ಕಾಕ್ ಪಿ7, ಬೆಲ್ಜಿಯಂನ ಬ್ರೌನಿಂಗ್ ಹೈಪವರ್, ಅಮೆರಿಕದ ಸ್ಮಿತ್ ಅಂಡ್ ವೆಸನ್ ಮೂರನೇ ತಲೆಮಾರಿನವು, ಆಮೇಲೆ ಬ್ರೆನ್ ಟೆನ್. ನಾಲ್ಕೂ ಒಂದಲ್ಲ ಒಂದು ಕಾಲಕ್ಕೆ ನನ್ನ ನಿದ್ದೆ ಕೆಡಿಸಿದವೇ. ಫೋನಿನಲ್ಲಿ ಎಲ್ಲ ಹೇಳೋಕೆ ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಕೊಡಗಿನವನು. ಕೈಲ್‌ಪೊಳ್ದ್, ಅಂದರೆ ನಮ್ಮ ಆಯುಧ ಪೂಜೆ ಹಬ್ಬ, ಬಂತೆಂದರೆ ಅಜ್ಜ ಜೋಡುನಳಿಗೆ ಕೋವಿಯನ್ನು ಬಿಚ್ಚಿ, ಎಣ್ಣೆ ಹಚ್ಚಿ, ಹತ್ತಿಬಟ್ಟೆಯಲ್ಲಿ ಒರೆಸಿ, ನಳಿಗೆಯ ಬಾಯಿಗೆ ತೋಕ್‌ಪೂ ಹೂವು ಸಿಕ್ಕಿಸಿ ಮನೆಯ ನಡುವಿನ ನೆಲ್ಲಕ್ಕಿ ಬಾಡೆಯಲ್ಲಿ ಇಡುತ್ತಿದ್ದರು. ಎಣ್ಣೆಬಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. ಅಮೆರಿಕಕ್ಕೆ ಬಂದ ಮೇಲೆ ಹಳೇ ಪಿಸ್ತೂಲುಗಳ ಹುಚ್ಚು ಹಿಡಿದದ್ದಕ್ಕೆ ಬೇರು ಅಲ್ಲೇ ಇದೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಇದು ಅಮೆರಿಕದಲ್ಲಿ ನೆಲೆ ನಿಂತವರಿಗೆ ಬರೆದದ್ದು. ಅಲ್ಲಿನ ಪ್ರಜೆ ಆಗಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ದಾರಿ ಇದೆ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿ ಕೈ ಹಾಕಬೇಡಿ. ಬೇರೆ ರಾಜ್ಯದಿಂದ ಪಿಸ್ತೂಲು ತರಿಸಿದರೆ ಅದು ನಿಮ್ಮ ರಾಜ್ಯದ ಲೈಸೆನ್ಸ್ ಇರುವ ಅಂಗಡಿಗೇ ಬರಬೇಕು. ಅಲ್ಲಿ 4473 ನಮೂನೆ ತುಂಬಿ, ಹಿನ್ನೆಲೆ ತಪಾಸಣೆ ಆದ ಮೇಲೆ ಕೈಗೆ ಸಿಗುತ್ತದೆ. ಇನ್ನು ಊರಿಗೆ ತಗೊಂಡು ಹೋಗುವ ಆಸೆ ಬಿಟ್ಟುಬಿಡಿ. ಭಾರತದಲ್ಲಿ 9 ಎಂಎಂ ಜನಸಾಮಾನ್ಯರಿಗೆ ನಿಷೇಧ. 2019ರ ತಿದ್ದುಪಡಿಯ ನಂತರ ಲೈಸೆನ್ಸ್‌ಗೆ ಎರಡೇ ಆಯುಧ, ಮೊದಲು ಮೂರು ಇತ್ತು.

ಈಗ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಅಪರೂಪ? ಎಷ್ಟು ದುಡ್ಡು? ನಾನು ಮೊದಲು ಕೇಳುವುದು ಬೇರೆ: ಜೊತೆಗೆ ಎಷ್ಟು ಮ್ಯಾಗಜಿನ್ (ಗುಂಡು ತುಂಬಿ ಹಿಡಿಯೊಳಗೆ ಸಿಕ್ಕಿಸುವ ಡಬ್ಬಿ) ಇವೆ? ಕಂಪನಿ ಒಂದು ಪಿಸ್ತೂಲನ್ನು ನಿಲ್ಲಿಸಿದಾಗ ಅದರ ಮ್ಯಾಗಜಿನ್, ಸ್ಪ್ರಿಂಗ್, ಪಿನ್ನು ಎಲ್ಲ ನಿಧಾನಕ್ಕೆ ಸಿಗದಂತಾಗುತ್ತವೆ. ಉಕ್ಕಿನ ಚೌಕಟ್ಟು ನೂರು ವರ್ಷ ಬಾಳುತ್ತದೆ. ಮೂರು ಡಾಲರ್‌ನ ಸ್ಪ್ರಿಂಗ್ ಬಾಳಲ್ಲ. ಇದಕ್ಕೆ ಬ್ರೆನ್ ಟೆನ್‌ಗಿಂತ ದೊಡ್ಡ ಸಾಕ್ಷಿ ಇಲ್ಲ, ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಬ್ರೆನ್ ಟೆನ್

ಕ್ಯಾಲಿಫೋರ್ನಿಯಾದ ಹಂಟಿಂಗ್‌ಟನ್ ಬೀಚ್‌ನಲ್ಲಿ ಥಾಮಸ್ ಡೋರ್ನಾಸ್, ಮೈಕೆಲ್ ಡಿಕ್ಸನ್ ಎಂಬಿಬ್ಬರು ಸೇರಿ ಶುರು ಮಾಡಿದ ಕಂಪನಿಯ ಪಿಸ್ತೂಲು ಇದು. ಅದು ಹೇಗಿರಬೇಕು ಅಂತ ಸಲಹೆ ಕೊಟ್ಟವರು ಅಮೆರಿಕದ ಹೆಸರಾಂತ ಪಿಸ್ತೂಲು ತರಬೇತುದಾರ ಜೆಫ್ ಕೂಪರ್. ಚೆಕ್‌ನ ಸಿಜೆಡ್ 75 ಪಿಸ್ತೂಲಿನ ಮಾದರಿಯ ಮೈಕಟ್ಟು, ಅದಕ್ಕೆ 10 ಎಂಎಂ ಎಂಬ ಹೊಚ್ಚಹೊಸ ತೋಟಾ. ಗುಂಡು ತಯಾರಿಸಿದ್ದು ಸ್ವೀಡನ್ನಿನ ನಾರ್ಮಾ. 1983ರಲ್ಲಿ ಮಾರಾಟ ಶುರುವಾಯಿತು, 1986ಕ್ಕೆ ಕಂಪನಿ ದಿವಾಳಿ. ಅಷ್ಟರಲ್ಲಿ ಹೊರಬಂದದ್ದು ಸುಮಾರು 1500 ಪಿಸ್ತೂಲುಗಳು ಮಾತ್ರ.

ಮುಳುಗಿದ್ದಕ್ಕೆ ಒಂದು ದೊಡ್ಡ ಕಾರಣ ಮ್ಯಾಗಜಿನ್. ಪಿಸ್ತೂಲು ತಯಾರಾಗಿತ್ತು, ಹೊರಗಿನಿಂದ ಬರಬೇಕಾದ ಮ್ಯಾಗಜಿನ್ ಬರಲಿಲ್ಲ. ದುಡ್ಡು ಕೊಟ್ಟವರ ಮನೆಗೆ ಪೆಟ್ಟಿಗೆ ಬಂತು, ತೆರೆದರೆ ಒಳಗೆ ಪಿಸ್ತೂಲು ಮಾತ್ರ! ಮ್ಯಾಗಜಿನ್ ಇಲ್ಲದ ಪಿಸ್ತೂಲನ್ನು ಏನು ಮಾಡೋದು? ಒಂದೊಂದೇ ಗುಂಡು ಹಾಕಿ ಹೊಡೆಯಬೇಕಷ್ಟೆ. 80ರ ದಶಕದ ಜನಪ್ರಿಯ ಅಮೆರಿಕನ್ ಪೊಲೀಸ್ ಧಾರಾವಾಹಿಯೊಂದರಲ್ಲಿ ನಾಯಕನ ಕೈಯಲ್ಲಿ ಪ್ರತಿ ವಾರ ಹೊಳೆಯುತ್ತಿದ್ದ ಪಿಸ್ತೂಲು ಇದೇ. ದೇಶವೆಲ್ಲ ನೋಡಿತು, ಆದರೂ ಕಂಪನಿ ಉಳಿಯಲಿಲ್ಲ. ತೋಟಾ ಮಾತ್ರ ಉಳಿಯಿತು. 1987ರಲ್ಲಿ ಕೋಲ್ಟ್ ಕಂಪನಿ ಡೆಲ್ಟಾ ಎಲೀಟ್ ತಂದು 10 ಎಂಎಂಗೆ ಮರುಜೀವ ಕೊಟ್ಟಿತು.

ಒಕ್ಲಹೋಮದ ಟಲ್ಸಾದಲ್ಲಿ ನಡೆಯುವ ಬಂದೂಕು ಮೇಳದಲ್ಲಿ ಒಂದು ಬ್ರೆನ್ ಟೆನ್ ನೋಡಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಮೇಲೆ. ಹಿಡಿಯ ಕೆಳಗೆ ಮ್ಯಾಗಜಿನ್ ಕೂರುವ ಜಾಗ ಖಾಲಿ, ಬಾಯಿ ತೆರೆದುಕೊಂಡಿತ್ತು. ಮಾರುವವರು ಬೆಲೆಯನ್ನು ಸಾವಿರಗಳಲ್ಲಿ ಹೇಳಿದರು. "ಮ್ಯಾಗಜಿನ್?" ಅಂತ ಕೇಳಿದೆ. "ಅದು ನೀವೇ ಹುಡುಕಿಕೊಳ್ಳಬೇಕು" ಅಂದರು. ನಮಸ್ಕಾರ ಹೇಳಿ ಮುಂದೆ ನಡೆದೆ.

ಮೊದಲ ಪಿಸ್ತೂಲಾಗಿ ಬ್ರೆನ್ ಟೆನ್ ಬೇಡ. ಐದಾರು ಪಿಸ್ತೂಲು ಕೊಂಡು, ಕಣ್ಣು ಪಳಗಿದ ಮೇಲೆ, ಮೂಲ ಮ್ಯಾಗಜಿನ್ ಮತ್ತು ಪೆಟ್ಟಿಗೆ ಸಮೇತ ಸಿಕ್ಕರೆ ಯೋಚಿಸಿ. ಅದನ್ನು ಹೊಡೆಯೋಕೆ ಅಂತ ಕೊಳ್ಳುವುದಲ್ಲ, ನೋಡಿ ಖುಷಿಪಡೋಕೆ ಅಂತ.

ಸ್ಮಿತ್ ಅಂಡ್ ವೆಸನ್ ಮೂರನೇ ತಲೆಮಾರು

ಗೆಳೆಯನಿಗೆ ನಾನು ಹೇಳಿದ್ದು ಇದನ್ನೇ. ಮೊದಲ ಸಲಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ಈಗಲೂ ಹೇಳುತ್ತೇನೆ.

80ರ ದಶಕದ ಕೊನೆಯಲ್ಲಿ ಬಂದು, 90ರ ದಶಕದುದ್ದಕ್ಕೂ ಅಮೆರಿಕದ ಪೊಲೀಸರ ಸೊಂಟದಲ್ಲಿ ಇದ್ದ ಪಿಸ್ತೂಲುಗಳಿವು. ಪ್ಲಾಸ್ಟಿಕ್ ಚೌಕಟ್ಟಿನ ಗ್ಲಾಕ್ ಬಂದ ಮೇಲೆ ಇಲಾಖೆಗಳು ಇವನ್ನು ಬದಲಾಯಿಸಿಕೊಂಡವು. ಹಾಗೆ ವಾಪಸ್ ಬಂದ ರಾಶಿ ರಾಶಿ ಪಿಸ್ತೂಲು ಅಂಗಡಿಗಳಿಗೆ ಬಂತು. ಮೇಲೆ ಗೀರು, ಸೊಂಟದ ಚೀಲದಲ್ಲಿ (ಹೋಲ್‌ಸ್ಟರ್) ಉಜ್ಜಿದ ಗುರುತು. ಒಳಗೆ ನೋಡಿದರೆ ಹೊಸದರಂತೆ. ಪೊಲೀಸರು ಹೊತ್ತುಕೊಂಡು ಓಡಾಡುವುದು ಜಾಸ್ತಿ, ಹೊಡೆಯುವುದು ಕಡಿಮೆ ಅಲ್ವಾ.

ಇವುಗಳ ಸಂಖ್ಯೆ ಓದುವುದೇ ಒಂದು ಖುಷಿ. ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ಅಂಕಿ ಯಾವ ಗುಂಡು ಅಂತ ಹೇಳುತ್ತವೆ. 39 ಅಂದರೆ 9 ಎಂಎಂ, ಮ್ಯಾಗಜಿನ್‌ನಲ್ಲಿ ಗುಂಡು ಒಂದೇ ಸಾಲು. 59 ಅಂದರೆ 9 ಎಂಎಂ, ಎರಡು ಸಾಲು. 10 ಅಂದರೆ 10 ಎಂಎಂ, 40 ಅಂದರೆ .40 ಇಂಚು, 45 ಅಂದರೆ .45 ಇಂಚು. ಮೂರನೇ ಅಂಕಿ ಗಾತ್ರ ಮತ್ತು ಟ್ರಿಗರ್ ಬಗೆ. 0 ಪೂರ್ತಿ ಗಾತ್ರ, 1 ಚಿಕ್ಕದು, 4 ಅಂದರೆ ಪೂರ್ತಿ ಗಾತ್ರದ್ದೇ, ಪ್ರತಿ ಸಲ ಟ್ರಿಗರ್ ಉದ್ದಕ್ಕೆ ಎಳೆಯಬೇಕಾದದ್ದು. ಕೊನೆಯ ಅಂಕಿ ಲೋಹ. 6 ಪೂರ್ತಿ ಸ್ಟೇನ್‌ಲೆಸ್, 3 ಅಂದರೆ ಹಗುರ ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಟೇನ್‌ಲೆಸ್ ಸ್ಲೈಡ್ (ಚೌಕಟ್ಟಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ), 4 ಅಂದರೆ ಅದೇ ಹಗುರ ಚೌಕಟ್ಟು, ಮೇಲೆ ಕಪ್ಪು ಉಕ್ಕು.

ಈಗ 5906 ಅಂತ ಬರೆದಿದ್ದರೆ ನೀವೇ ಓದಬಹುದು: 9 ಎಂಎಂ, ಎರಡು ಸಾಲು, ಪೂರ್ತಿ ಗಾತ್ರ, ಪೂರ್ತಿ ಸ್ಟೇನ್‌ಲೆಸ್. 3913 ಅಂದರೆ 9 ಎಂಎಂ, ಒಂದೇ ಸಾಲು, ಚಿಕ್ಕದು, ಹಗುರ. ಮೇಳದಲ್ಲಿ ಟೇಬಲ್‌ನಿಂದ ಟೇಬಲ್‌ಗೆ ಹೋಗುತ್ತಾ ಸುಮ್ನೆ ಅಂಕಿ ಓದಿಕೊಂಡು ಹೋದರೆ ಸಾಕು, ಯಾವುದರ ಮುಂದೆ ನಿಲ್ಲಬೇಕು ಅಂತ ಗೊತ್ತಾಗುತ್ತದೆ.

ಯಾವುದರ ಮುಂದೆ ನಿಲ್ಲಬೇಕು? ಸಂಗ್ರಹದ ಕಣ್ಣಿನಿಂದ ನೋಡಿದರೆ 1006 ಮತ್ತು 1076. ಎರಡೂ 10 ಎಂಎಂ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಏಜೆಂಟರು ಸತ್ತರು. ಅದಾದ ಮೇಲೆ ಇನ್ನೂ ಜೋರಾದ ಗುಂಡು ಬೇಕೆಂದು ಹುಡುಕುತ್ತಾ ಎಫ್‌ಬಿಐ ಆರಿಸಿಕೊಂಡದ್ದು 10 ಎಂಎಂ, ಪಿಸ್ತೂಲು 1076. ಅದು ಅವರ ಕೈಯಲ್ಲಿ ಹೆಚ್ಚು ದಿನ ಉಳಿಯಲಿಲ್ಲ. 10 ಎಂಎಂ ತೋಟಾವನ್ನೇ ಗಿಡ್ಡ ಮಾಡಿ .40 ಬಂತು, ಪೊಲೀಸ್ ಲೋಕ ಅತ್ತ ಹೋಯಿತು. ಬ್ರೆನ್ ಟೆನ್ ಆಸೆ ಇದ್ದು ದುಡ್ಡು ಸಾಲದವರಿಗೆ 1006 ಒಳ್ಳೆಯ ಸಮಾಧಾನ. ಅದೇ ತೋಟಾ, ಮ್ಯಾಗಜಿನ್ ಸಿಗುತ್ತದೆ. 5906, 3913ಗಳನ್ನು ಸಾಮಾನ್ಯವಾಗಿ ಸಾವಿರ ಡಾಲರ್ ಒಳಗೇ ಹುಡುಕಬಹುದು. 10 ಎಂಎಂನವು ಅದಕ್ಕಿಂತ ಮೇಲೆ ಹೋಗುತ್ತವೆ.

ಕೊಳ್ಳುವಾಗ ಮ್ಯಾಗಜಿನ್ ಸ್ಪ್ರಿಂಗ್ ಒತ್ತಿ ನೋಡಿ. ಸ್ಲೈಡ್ ಎಳೆಯುವ ದೊಡ್ಡ ಸ್ಪ್ರಿಂಗ್ ಹಳೆಯದಾಗಿದ್ದರೆ ಬದಲಾಯಿಸಿ, ಇವತ್ತಿಗೂ ಸಿಗುತ್ತದೆ. ಹಗುರ ಚೌಕಟ್ಟಿನವುಗಳಲ್ಲಿ ಸ್ಲೈಡ್ ಜಾರುವ ಹಳಿಯ ಮೇಲೆ ಬಣ್ಣ ಹೋಗಿ ಬಿಳಿ ಅಲ್ಯೂಮಿನಿಯಂ ಕಂಡರೆ ತೊಂದರೆ ಇಲ್ಲ. ಅಲ್ಲಿ ಬೆರಳಾಡಿಸಿದಾಗ ಮೆಟ್ಟಿಲಿನ ಹಾಗೆ ತಗ್ಗು ಸಿಕ್ಕರೆ ಬಿಟ್ಟುಬಿಡಿ.

ಬ್ರೌನಿಂಗ್ ಹೈಪವರ್

ಚರಿತ್ರೆ ಬೇಕು ಅನ್ನುವವರಿಗೆ ಹೈಪವರ್. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನಲ್ಲೇ, ಎಫ್‌ಎನ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗಲೇ ತೀರಿಕೊಂಡರು. ಅರ್ಧಕ್ಕೆ ನಿಂತ ಪಿಸ್ತೂಲನ್ನು ಪೂರ್ತಿ ಮಾಡಿದವರು ಡಿಯುಡೊನೆ ಸೈವ್. 1935ರಲ್ಲಿ ಬಂತು. ಆ ಕಾಲಕ್ಕೆ 13 ಗುಂಡಿನ ಮ್ಯಾಗಜಿನ್ ಅಂದರೆ ದೊಡ್ಡ ವಿಷಯ.

ಎರಡನೇ ಮಹಾಯುದ್ಧದಲ್ಲಿ ಈ ಪಿಸ್ತೂಲು ಎರಡೂ ಕಡೆ ಹೋರಾಡಿತು. ಜರ್ಮನ್ನರು ಬೆಲ್ಜಿಯಂ ಹಿಡಿದ ಮೇಲೆ ಅದೇ ಕಾರ್ಖಾನೆಯಲ್ಲಿ ತಮಗಾಗಿ 3 ಲಕ್ಷಕ್ಕೂ ಜಾಸ್ತಿ ಮಾಡಿಸಿಕೊಂಡರು. ಇತ್ತ ಕೆನಡಾದ ಟೊರೊಂಟೊದಲ್ಲಿ ಜಾನ್ ಇಂಗ್ಲಿಸ್ ಕಂಪನಿ ಚೀನಾಕ್ಕೂ ಕೆನಡಾ, ಬ್ರಿಟನ್ ಸೇನೆಗಳಿಗೂ ಸೇರಿ ಸುಮಾರು ಒಂದೂವರೆ ಲಕ್ಷ ಮಾಡಿತು. ಚೀನಾಕ್ಕೆ ಅಂತ ಮಾಡಿದವುಗಳ ಸ್ಲೈಡ್ ಮೇಲೆ ಆರು ಚೀನೀ ಅಕ್ಷರ ಇರುತ್ತವೆ, ನಂಬರಿನಲ್ಲಿ ಸಿಎಚ್ ಅಕ್ಷರ. ನಮಗೂ ಇದರ ನಂಟು ಇದೆ. ಭಾರತೀಯ ಸೇನೆಯ 9 ಎಂಎಂ 1ಎ ಪಿಸ್ತೂಲು ಇದೇ ಹೈಪವರ್. ಪಶ್ಚಿಮ ಬಂಗಾಳದ ಇಛಾಪುರ ಕಾರ್ಖಾನೆಯಲ್ಲಿ ಇಂಗ್ಲಿಸ್ ಮಾದರಿಯಂತೆ ಮಾಡಿದ್ದು. ನಮ್ಮ ಕಡೆ ಮನೆಗೊಬ್ಬರು ಸೇನೆಯಲ್ಲಿ. ನಿವೃತ್ತರಾದ ಮಾವ ಒಬ್ಬರಿಗೆ ಫೋಟೊ ತೋರಿಸಿದಾಗ, ಹಿಡಿ ನೋಡಿಯೇ ಗುರುತು ಹಿಡಿದರು.

ಬ್ರೌನಿಂಗ್ 2018ರಲ್ಲಿ ಇದರ ತಯಾರಿಕೆ ನಿಲ್ಲಿಸಿದ್ದನ್ನು ಹೇಳಿತು. ಆದರೆ ಮ್ಯಾಗಜಿನ್ ಇನ್ನೂ ಹೊಸದೇ ಸಿಗುತ್ತದೆ. 2021ರಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಸ್‌ಎ-35 ಅಂತ ಇದರ ನಕಲು ತಂದಿತು, ಅದಕ್ಕೂ ಇದೇ ಮ್ಯಾಗಜಿನ್ ಹಿಡಿಯುತ್ತದೆ. ನನ್ನ ಮೊದಲ ಪ್ರಶ್ನೆಗೆ ಈ ನಾಲ್ಕರಲ್ಲಿ ಚೆನ್ನಾಗಿ ಉತ್ತರ ಕೊಡುವುದು ಹೈಪವರ್. ಇನ್ನೊಂದು ಅನುಕೂಲ: 50 ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿರುವ ಹೈಪವರ್‌ಗಳನ್ನು ಸಂಗ್ರಹಕಾರರ ಲೈಸೆನ್ಸ್ ಮೇಲೆ ನೇರ ಮನೆಗೇ ತರಿಸಬಹುದು. ಆ ಲೈಸೆನ್ಸ್‌ಗೆ 3 ವರ್ಷಕ್ಕೆ 30 ಡಾಲರ್. ಬಂದದ್ದು, ಹೋದದ್ದು ಎಲ್ಲ ಪುಸ್ತಕದಲ್ಲಿ ಬರೆದಿಡಬೇಕು. ನಿಮ್ಮ ರಾಜ್ಯದ ಕಾನೂನು ಬೇರೆ ಇರಬಹುದು, ನೋಡಿಕೊಳ್ಳಿ. ಉಳಿದ ಮೂರಕ್ಕೆ ಇನ್ನೂ 50 ತುಂಬಿಲ್ಲ.

ಹೈಪವರ್‌ನ ಅಪಾಯ ಬೇರೆ ಕಡೆ ಇದೆ. ಮೋಸ ಹೋಗುವುದು ಸುಲಭ. ನಾನೇ ಹೋಗಿದ್ದೇನೆ. ಹತ್ತು ವರ್ಷದ ಹಿಂದೆ ಒಂದು ಮೇಳದಲ್ಲಿ 60ರ ದಶಕದ್ದೆಂದು ಹೇಳಿ ಒಬ್ಬರು ತೋರಿಸಿದರು. ಕಡುನೀಲಿ ಬಣ್ಣ, ಮುಖ ಕಾಣುವಷ್ಟು ಹೊಳಪು. ಮನೆಗೆ ತಂದು, ಅಡುಗೆಮನೆ ಟೇಬಲ್ ಮೇಲೆ ದೀಪದ ಕೆಳಗೆ ಇಟ್ಟಾಗ ಎದೆ ಧಸಕ್ ಅಂತು. ಸ್ಲೈಡ್ ಮೇಲೆ ಕೊರೆದ ಅಕ್ಷರಗಳ ಅಂಚು ಕರಗಿದ ಬೆಲ್ಲದ ಹಾಗೆ ಮೆತ್ತಗಾಗಿತ್ತು. ಕೆಲವು ಅಕ್ಷರ ಆಳ, ಕೆಲವು ತೇಲು. ಪಿನ್ನಿನ ತೂತುಗಳ ಸುತ್ತ ಸಣ್ಣ ಬಟ್ಟಲಿನಂಥ ತಗ್ಗು. ಯಾರೋ ಯಂತ್ರದಲ್ಲಿ ಉಜ್ಜಿ ಮತ್ತೆ ಬಣ್ಣ ಹಾಕಿಸಿದ್ದರು. ಹೊಡೆಯಲು ಏನೂ ತೊಂದರೆ ಇಲ್ಲ. ಆದರೆ ಸಂಗ್ರಹದ ಬೆಲೆ ಅರ್ಧಕ್ಕೂ ಕೆಳಗೆ. ಹೊಳಪು ನೋಡಿ ಮರುಳಾದೆ, ಅಕ್ಷರ ನೋಡಲಿಲ್ಲ.

ಅವತ್ತಿನಿಂದ ಜೇಬಿನಲ್ಲಿ ಚಿಕ್ಕ ಟಾರ್ಚ್, ಭೂತಗನ್ನಡಿ ಇಲ್ಲದೆ ಮೇಳಕ್ಕೆ ಕಾಲಿಡುವುದಿಲ್ಲ. ಬೆಳಕನ್ನು ನೇರ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಮೂಲ ಪಾಲಿಶ್ ಆದರೆ ಅಕ್ಷರದ ಅಂಚಿನಲ್ಲಿ ಬೆಳಕು ಗೆರೆ ಎಳೆದ ಹಾಗೆ ಮುರಿಯುತ್ತದೆ. ಜರ್ಮನ್ ಕಾಲದವು ಅಂತ ತೋರಿಸಿದರೆ ಇನ್ನೂ ಎಚ್ಚರ. ಅವುಗಳ ಮೇಲೆ ಹದ್ದಿನ ಜೊತೆ 613, 103 ಅಥವಾ 140 ಎಂಬ ತಪಾಸಣೆ ಗುರುತು ಇರುತ್ತದೆ. ಮೊದಮೊದಲು ಬಂದವು ಚೆನ್ನಾಗಿ ಪಾಲಿಶ್ ಆದವು, ಯುದ್ಧ ಮುಂದುವರಿದಂತೆ ಯಂತ್ರದ ಗೀರು ಹಾಗೇ ಉಳಿದವು. ಕೊನೆಕಾಲದ ಗುರುತು ಇದ್ದು ಮೈ ಮಾತ್ರ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅನುಮಾನ ಪಡಿ. ಹದ್ದಿನ ಗುರುತನ್ನು ಆಮೇಲೆ ಕುಟ್ಟಿ ಮಾರುವವರೂ ಇದ್ದಾರೆ. ಹಾಗೆ ಕುಟ್ಟಿದ ಕಡೆ ಲೋಹ ಉಬ್ಬಿ ಸುತ್ತ ಬಣ್ಣ ಒಡೆದಿರುತ್ತದೆ.

ಹೆಕ್ಲರ್ ಅಂಡ್ ಕಾಕ್ ಪಿ7

ನನ್ನ ಪ್ರೀತಿಯದು ಇದು. ಒಪ್ಪಿಕೊಂಡೇ ಬರೆಯುತ್ತೇನೆ.

1972ರ ಮ್ಯೂನಿಕ್ ಒಲಿಂಪಿಕ್ಸ್ ದಾಳಿಯ ನಂತರ ಪಶ್ಚಿಮ ಜರ್ಮನಿ ತನ್ನ ಪೊಲೀಸರಿಗೆ ಹೊಸ ಪಿಸ್ತೂಲು ಬೇಕೆಂದು ಕೇಳಿತು. ಗುಂಡು ತುಂಬಿ ಇಟ್ಟುಕೊಂಡರೂ ಅಪಾಯ ಇರಬಾರದು, ತೆಗೆದ ಕೂಡಲೇ ಹೊಡೆಯುವಂತಿರಬೇಕು. ಓಬರ್ನ್‌ಡಾರ್ಫ್‌ನ ಹೆಕ್ಲರ್ ಅಂಡ್ ಕಾಕ್ ಕೊಟ್ಟ ಉತ್ತರ ಬೇರೆ ಯಾರೂ ಕೊಟ್ಟಿರಲಿಲ್ಲ. ಹಿಡಿಯ ಮುಂಭಾಗವೇ ಒಂದು ಸನ್ನೆ. ಮುಷ್ಟಿ ಬಿಗಿದರೆ ಪಿಸ್ತೂಲು ಸಜ್ಜಾಗುತ್ತದೆ, ಸಡಿಲ ಬಿಟ್ಟರೆ ಸುಮ್ಮನಾಗುತ್ತದೆ. ಕೈಜಾರಿ ಕೆಳಗೆ ಬಿದ್ದರೂ ಹಾರುವುದಿಲ್ಲ, ಯಾಕೆಂದರೆ ಅದನ್ನು ಹಿಂಡಿ ಹಿಡಿದಿರುವ ಕೈಯೇ ಇಲ್ಲ. ಮೊದಲ ಸಲ ಬಿಗಿಯುವಾಗ ಬೆರಳಿಗೆ ಒಳ್ಳೇ ಬಲ ಬೇಕು. ಖಟ್ ಅಂತ ಒಳಗೆ ಕೂರುತ್ತದೆ. ಆಮೇಲೆ ಹಿಡಿದಿಟ್ಟುಕೊಳ್ಳೋಕೆ ಶಕ್ತಿ ಬೇಕೇ ಇಲ್ಲ.

ನಳಿಗೆ ಅಲ್ಲಾಡುವುದಿಲ್ಲ. ಗುಂಡು ಹಾರಿದಾಗ ಸ್ವಲ್ಪ ಅನಿಲ ನಳಿಗೆಯ ಸಣ್ಣ ತೂತಿನಿಂದ ಕೆಳಗಿನ ಸಿಲಿಂಡರಿಗೆ ನುಗ್ಗಿ, ಸ್ಲೈಡ್‌ಗೆ ಸಿಕ್ಕಿಸಿದ ಪಿಸ್ಟನ್ನನ್ನು ಎದುರಿಗೆ ತಳ್ಳಿ ಹಿಡಿಯುತ್ತದೆ. ಗುಂಡು ಹೊರಗೆ ಹೋಗುವ ತನಕ ಸ್ಲೈಡ್ ತಡವಾಗುತ್ತದೆ. ಅದಕ್ಕೇ ನಳಿಗೆ ಕೈಗೆ ಇಷ್ಟು ಹತ್ತಿರ, ಹಿಂದಕ್ಕೆ ಒದೆಯುವುದು ಇಷ್ಟು ಕಡಿಮೆ. ಹೊರಬಿದ್ದ ಖಾಲಿ ತೋಟಾದ ಮೇಲೆ ಉದ್ದುದ್ದ ಪಟ್ಟೆ ಇರುತ್ತದೆ. ನೆಲದ ಮೇಲಿನ ರಾಶಿಯಲ್ಲಿ ಪಿ7ರದು ಯಾವುದು ಅಂತ ಕೂಡಲೇ ಹೇಳಬಹುದು.

ಇದಕ್ಕೆ ತೆರಬೇಕಾದ ಬೆಲೆ ಬಿಸಿ. ಆ ಅನಿಲ ಟ್ರಿಗರ್ ಮೇಲಿನ ಲೋಹವನ್ನೇ ಕಾಯಿಸುತ್ತದೆ. ನಾಲ್ಕೈದು ಮ್ಯಾಗಜಿನ್ ಬಿಡುವಿಲ್ಲದೆ ಹೊಡೆದರೆ ದೋಸೆಕಲ್ಲು ಮುಟ್ಟಿದ ಹಾಗೆ ಬೆರಳು ಹಿಂದೆ ಬರುತ್ತದೆ.

ಪಿ7ರಲ್ಲೇ ಬೇರೆ ಬೇರೆ ಮಾದರಿ ಇವೆ, ಆಯ್ಕೆ ಮಾಡಬೇಕು. ಮೊದಲಿನದು ಪಿಎಸ್‌ಪಿ. ಮ್ಯಾಗಜಿನ್ ಬಿಡಿಸುವ ಕೊಕ್ಕೆ ಹಿಡಿಯ ಬುಡದಲ್ಲಿದೆ, ಬಿಸಿ ತಡೆಯುವ ಕವಚ ಇಲ್ಲ. ಜರ್ಮನ್ ಪೊಲೀಸರಿಂದ ವಾಪಸ್ ಬಂದವು ಹೆಚ್ಚಾಗಿ ಇವೇ, ಆದ್ದರಿಂದ ಪಿ7ಗಳಲ್ಲಿ ಕಡಿಮೆ ಬೆಲೆ. ಆದರೂ ಸಾವಿರ ಡಾಲರ್ ಮೇಲೇ. ಎಂ8ರಲ್ಲಿ 8 ಗುಂಡು, ಟ್ರಿಗರ್ ಹಿಂದೆ ಎರಡೂ ಕಡೆ ಒತ್ತುವ ಸನ್ನೆ, ಬಿಸಿಗೆ ಪ್ಲಾಸ್ಟಿಕ್ ಕವಚ. ನ್ಯೂಜೆರ್ಸಿ ರಾಜ್ಯ ಪೊಲೀಸರು ಬಳಸಿದ್ದು ಎಂ8. ಎಂ13ರಲ್ಲಿ 13 ಗುಂಡು, ಹಿಡಿ ದಪ್ಪ, ಬೆಲೆ ಇನ್ನೂ ದಪ್ಪ. ಅದರ ಮ್ಯಾಗಜಿನ್ ಒಂದಕ್ಕೆ ಕೇಳುವ ದುಡ್ಡು ನೋಡಿದರೆ ತಲೆ ತಿರುಗುತ್ತದೆ. ಮೇಲಾಗಿ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ 10 ಗುಂಡಿಗಿಂತ ದೊಡ್ಡ ಮ್ಯಾಗಜಿನ್‌ಗೆ ತಡೆ ಇದೆ. ನನ್ನ ಮಾತು ಕೇಳಿದರೆ ಎಂ8. ಯಾವುದೇ ಕೊಂಡರೂ ಅದರದೇ ಮ್ಯಾಗಜಿನ್ ಕೇಳಿ ತೆಗೆದುಕೊಳ್ಳಿ. ಒಂದರದು ಇನ್ನೊಂದಕ್ಕೆ ಆಗುತ್ತದೆ ಎಂಬ ಮಾರುವವರ ಮಾತು ನಂಬಬೇಡಿ.

ಯಾವ ವರ್ಷದ್ದು ಅಂತ ಪಿಸ್ತೂಲೇ ಹೇಳುತ್ತದೆ. ಎರಡು ಅಕ್ಷರದ ಸಂಕೇತ ಹುಡುಕಿ. ಎ ಅಂದರೆ 0, ಬಿ 1, ಸಿ 2, ಹೀಗೇ ಮುಂದೆ. ಜೆ ಅಕ್ಷರ ಬಿಟ್ಟಿದ್ದಾರೆ, ಕೆ ಅಂದರೆ 9. ನನ್ನದರ ಮೇಲೆ ಐ, ಎಫ್ ಇದೆ. ಅಂದರೆ 85.

ಕೊಳ್ಳುವ ಮುಂಚೆ ಮಾರುವವರ ಒಪ್ಪಿಗೆ ಕೇಳಿ, ಖಾಲಿ ಇದೆ ಅಂತ ಎರಡು ಸಲ ನೋಡಿ, ಸ್ಲೈಡ್ ಬಿಚ್ಚಿ. ಪಿಸ್ಟನ್ ಮೇಲೆ, ಸಿಲಿಂಡರ್ ಒಳಗೆ ಟಾರ್ಚ್ ಬಿಡಿ. ಮಸಿ ಇದ್ದರೆ ಬ್ರಷ್‌ನಲ್ಲಿ ಹೋಗುತ್ತದೆ. ತುಕ್ಕಿನ ಗುಳಿ ಇದ್ದರೆ ಹೋಗಲ್ಲ. ಮುಷ್ಟಿ ಬಿಗಿದು, ಬಿಟ್ಟು, ಹತ್ತು ಸಲ ನೋಡಿ. ಪ್ರತಿ ಸಲವೂ ಒಂದೇ ಥರ ಕೂರಬೇಕು. ಹೊಡೆಯುವುದಾದರೆ ತಾಮ್ರದ ಕವಚ ಇರುವ ಗುಂಡೇ ಹಾಕಿ. ಬರೀ ಸೀಸದ್ದು ಹಾಕಿದರೆ ಆ ಅನಿಲದ ತೂತು ಕಟ್ಟಿಕೊಳ್ಳುತ್ತದೆ. 2008ಕ್ಕೆ ತಯಾರಿಕೆ ನಿಂತಿದೆ, ಬಿಡಿಭಾಗ ವರ್ಷ ವರ್ಷಕ್ಕೆ ಕಡಿಮೆ. ಅದಕ್ಕೇ ನಾನು ಇದನ್ನು ಮೊದಲನೆಯದಾಗಿ ಅಲ್ಲ, ಎರಡನೆಯದಾಗಿ ತಗೊಳ್ಳಿ ಅನ್ನುವುದು.

ಎಲ್ಲಿ ಹುಡುಕುವುದು

ಒಕ್ಲಹೋಮದ ಟಲ್ಸಾದಲ್ಲಿ ವರ್ಷಕ್ಕೆ ಎರಡು ಸಲ ನಡೆಯುವ ವಾನೆನ್‌ಮಾಕರ್ ಮೇಳಕ್ಕೆ ಒಮ್ಮೆಯಾದರೂ ಹೋಗಿ. ಸಾವಿರಾರು ಟೇಬಲ್. ಒಂದೇ ದಿನದಲ್ಲಿ ಇಪ್ಪತ್ತು ಹೈಪವರ್ ಕೈಯಲ್ಲಿ ಹಿಡಿದು ನೋಡಬಹುದು, ಕಣ್ಣು ಪಳಗುವುದು ಹಾಗೆಯೇ. ಹರಾಜಿನಲ್ಲಿ ಕೊಳ್ಳುವುದಾದರೆ ಕೂಗಿದ ಬೆಲೆಯ ಮೇಲೆ ಹರಾಜು ಮನೆಯ ಪಾಲು ಸೇರುತ್ತದೆ, ಲೆಕ್ಕ ಹಾಕಿಕೊಂಡೇ ಕೈ ಎತ್ತಿ. ಫೋಟೊ ನೋಡಿ ಕೊಳ್ಳುವುದಾದರೆ ಮ್ಯಾಗಜಿನ್‌ಗಳ ಬುಡ, ನಂಬರು, ನಳಿಗೆಯ ಒಳಗು, ಇವುಗಳ ಫೋಟೊ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಮನೆಯಲ್ಲಿ ಮಕ್ಕಳಿದ್ದರೆ ಪಿಸ್ತೂಲಿಗಿಂತ ಮುಂಚೆ ಗಟ್ಟಿ ಬೀಗದ ಸೇಫ್ ಬರಲಿ.

ಗೆಳೆಯ ಕೊನೆಗೆ 3913 ತಗೊಂಡ. ಪೊಲೀಸ್ ಇಲಾಖೆಯಿಂದ ಬಂದದ್ದು, ಬಲಗಡೆ ಹೋಲ್‌ಸ್ಟರ್ ಉಜ್ಜಿದ ಗುರುತು. ಮೂರು ಮ್ಯಾಗಜಿನ್ ಸಮೇತ. ನವೆಂಬರ್‌ನಲ್ಲಿ ಇಬ್ಬರೂ ಟಲ್ಸಾಕ್ಕೆ ಹೊರಟಿದ್ದೇವೆ. ಅವನಿಗೆ 1006 ಬೇಕಂತೆ. ನನಗೆ ಬೇಕಿರುವುದು ಎಂ8ರ ಮ್ಯಾಗಜಿನ್ ಎರಡು.